ತೂಬು ಕಾಣದ ಕೆರೆ

ನೀರನ್ನು ಚಿತ್ರಿಸಹೊರಡುವ ಕಲಾವಿದನಿಗೆ ಎದುರಾಗುವ ತೊಡಕು ಬಂಡೆಯನ್ನೋ ಮರವನ್ನೋ ಚಿತ್ರಿಸುವವನ ತೊಡಕಿಗಿಂತ ಬೇರೆ ಬಗೆಯದು. ಬಂಡೆಗೆ ತನ್ನದೆನ್ನುವ ಆಕಾರವೂ ಬಣ್ಣವೂ ಇವೆ. ನೀರಿಗಾದರೋ ಆಕಾರವನ್ನು ದಡ ಕೊಡಬೇಕು, ಬಣ್ಣವನ್ನು ಆಕಾಶ ಕೊಡಬೇಕು, ಇವೆರಡೂ ಸಿಕ್ಕಿದ ಮೇಲೂ ಒಂದು ಗಾಳಿ ಬೀಸಿದರೆ ಎಲ್ಲವೂ ಕದಡಿಹೋಗುತ್ತದೆ. ಸಾಲದ್ದಕ್ಕೆ ನೋಡುವವನ ಕಣ್ಣಿನ ಕೋನವೂ ಆಟವಾಡುತ್ತದೆ: ಕಾಲಬುಡದ ನೀರನ್ನು ನೆಟ್ಟಗೆ ಬಗ್ಗಿ ನೋಡಿದರೆ ತಳದ ಕೆಸರು, ಪಾಚಿ, ಮೀನು ಕಾಣುತ್ತವೆ, ಅದೇ ನೀರನ್ನು ದೂರದಿಂದ ಓರೆಯಾಗಿ ನೋಡಿದರೆ ಬೆಳಕಿನ ಬಹುಪಾಲು ಒಳಗಿಳಿಯದೆ ಮೇಲ್ಮೈಯಿಂದಲೇ ಮರಳುವುದರಿಂದ ತಳ ಮರೆಯಾಗಿ ಮೋಡ ಕಾಣುತ್ತದೆ. ಭಾರತೀಯ ಕಿರುಚಿತ್ರಕಾರರು, ಅಂದರೆ ಸಣ್ಣ ಕಾಗದದ ಮೇಲೆ ಅರಸರ ಬೇಟೆಯನ್ನೂ ರಾಗಮಾಲೆಯನ್ನೂ ಬರೆದವರು, ಈ ತೊಡಕನ್ನು ಸಂಕೇತದಿಂದ ದಾಟಿದರು. ಬುಟ್ಟಿಯ ಹೆಣಿಗೆಯಂಥ ಗೆರೆಗಳು, ಅಲ್ಲೊಂದು ಮೀನು, ಇಲ್ಲೊಂದು ತಾವರೆ ಇದ್ದರೆ ನೋಡುವವನು ಅದನ್ನು ನೀರೆಂದು ಓದಿಕೊಳ್ಳುತ್ತಿದ್ದ. ಅಕ್ಷರಕ್ಕೂ ಚಿತ್ರಕ್ಕೂ ಬರೆಯುವುದು ಎಂಬ ಒಂದೇ ಕ್ರಿಯಾಪದವನ್ನು ಬಳಸುವ ಕನ್ನಡಕ್ಕೆ ಆ ದಾರಿ ಅಪರಿಚಿತವೇನಲ್ಲ.

ಫ್ರಾನ್ಸಿನ ಕ್ಲೋದ್ ಮೊನೆ (1840–1926) ಸಂಕೇತದ ದಾರಿಯನ್ನು ಬಿಟ್ಟು, ಕಂಡ ನೀರನ್ನು ಕಂಡಂತೆಯೇ ಹಿಡಿಯಬೇಕೆಂದು ಹಟ ಹಿಡಿದ ಕಲಾವಿದ. ಸೇನ್ ನದಿ ಕಡಲು ಸೇರುವಲ್ಲಿರುವ ಲ ಹಾವ್ರ್ ಎಂಬ ಬಂದರಿನಲ್ಲಿ ಅವನು ಬೆಳೆದ. ಅದೇ ನದಿಯ ದಡದ ಊರುಗಳಲ್ಲಿ ಒಂದಾದ ಮೇಲೊಂದರಂತೆ ಬಾಡಿಗೆ ಮನೆ ಹಿಡಿದ. ಕೊನೆಗೆ ಆ ನದಿಗೆ ಸೇರುವ ಎಪ್ತ್ ಎಂಬ ಉಪನದಿಯ ಸಣ್ಣ ಕವಲನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡು ಅದರ ಮಗ್ಗುಲಲ್ಲೇ ಮುಪ್ಪಾದ. ಈ ಕಾರಣದಿಂದ, ಒಂದು ಸೆಪ್ಟೆಂಬರಿನಲ್ಲಿ ಕರ್ನಾಟಕದ ಬಯಲುಸೀಮೆಯಿಂದ ಹೊರಟ ಪ್ರವಾಸಿಯ ದಾರಿ ನದಿಯ ಬಾಯಿಂದ ಮೇಲುಮುಖವಾಗಿ ಗೊತ್ತಾಯಿತು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಮೈಸೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ದುಭಾಷಿಯಾಗಿ ಜೊತೆಗಿದ್ದಳು. ಆ ಪ್ರವಾಸ ಮುಗಿದು ಬಹಳ ದಿನಗಳಾದ ಮೇಲೂ ಅದರಲ್ಲಿ ಕಂಡ ನೀರು ಮನಸ್ಸಿನಲ್ಲಿ ತಿಳಿಯಾಗದೆ ಉಳಿದಿರುವುದೇ ಈ ಬರಹಕ್ಕೆ ಕಾರಣ.

ಲ ಹಾವ್ರ್ ಇಂದು ಮೊನೆ ಕಂಡ ಊರಲ್ಲ. 1944ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಊರಿನ ನಡುಭಾಗ ನೆಲಸಮವಾಯಿತು. ಆಗೂಸ್ತ್ ಪೆರೆ ಎಂಬ ವಾಸ್ತುಶಿಲ್ಪಿಯ ಮುಂದಾಳುತನದಲ್ಲಿ ಅದನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಲಾಯಿತು, ಹಾಗೆ ಕಟ್ಟಿದ ಊರೇ 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೂದು ಕಾಂಕ್ರೀಟು, ಬೂದು ಮುಗಿಲು, ಬೂದು ಕಡಲು ಒಂದರೊಳಗೊಂದು ಕರಗಿದ್ದ ಬೆಳಗಿನಲ್ಲಿ ಬಂದರಿನ ಅಂಚಿಗೆ ನಿಂತಾಗ, ಇಲ್ಲಿ ನೀರನ್ನು ಬಣ್ಣದಿಂದ ಗುರುತಿಸುವುದೇ ಆಗದ ಮಾತೆಂದೂ ಚಲನೆಯಿಂದಷ್ಟೇ ಗುರುತಿಸಬೇಕೆಂದೂ ತೋರಿತು. ಉಬ್ಬರವಿಳಿತದ ಅಳತೆಯೇ ಇಲ್ಲಿ ಬೇರೆ: ಕಾರವಾರ, ಮಂಗಳೂರುಗಳ ದಡದಲ್ಲಿ ಕಡಲು ಏರಿ ಇಳಿಯುವುದು ಹೆಚ್ಚೆಂದರೆ ಆಳೆತ್ತರದ ಆಸುಪಾಸು; ಇಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಅದು ಎರಡಂತಸ್ತಿನ ಮನೆಯಷ್ಟು ಏರುತ್ತದೆ, ಇಳಿದಾಗ ದೋಣಿಗಳು ಕೆಸರಿನ ಮೇಲೆ ಒರಗಿ ಕೂರುತ್ತವೆ.

ಈ ಬಂದರಿನ ಕಡೆಗೆ ತೆರೆದ ಒಂದು ವಸತಿಗೃಹದ ಕಿಟಕಿಯಿಂದ ಮೊನೆ 1872ರಲ್ಲಿ ಬರೆದ ಚಿತ್ರಕ್ಕೆ, ಪ್ರದರ್ಶನದ ಪಟ್ಟಿಗೆ ಹೆಸರು ಬೇಕೆಂದಾಗ, ‘ಇಂಪ್ರೆಷನ್, ಸೂರ್ಯೋದಯ’ ಎಂಬ ಹೆಸರು ಬಂತು. ಇಂಪ್ರೆಷನ್ ಎಂದರೆ ಮನಸ್ಸಿನ ಮೇಲೆ ಥಟ್ಟನೆ ಬಿದ್ದ ಅಚ್ಚು, ಅನಿಸಿಕೆ. 1874ರ ಆ ಪ್ರದರ್ಶನವನ್ನು ನೋಡಿದ ಲೂಯಿ ಲರುವಾ ಎಂಬ ವಿಮರ್ಶಕ ಆ ಪದವನ್ನೇ ಹಿಡಿದು ಗೇಲಿಮಾಡಿದ. ಗೇಲಿಯ ಪದವೇ ಮುಂದೆ ಇಂಪ್ರೆಷನಿಸಂ ಎಂದು ಒಂದು ಪಂಥದ ಹೆಸರಾಯಿತು. ಚಿತ್ರ ಈಗಿರುವುದು ಪ್ಯಾರಿಸ್ಸಿನ ಮಾರ್ಮೊತ್ತಾನ್ ಸಂಗ್ರಹಾಲಯದಲ್ಲಿ. ಅದರ ಕಿತ್ತಳೆ ಸೂರ್ಯ ಸುತ್ತಲಿನ ಮಂಜಿಗಿಂತ ಬೆಳಕಿನಲ್ಲಿ ಹೆಚ್ಚೇನೂ ಪ್ರಖರವಾಗಿಲ್ಲ. ಕಪ್ಪುಬಿಳುಪಿನಲ್ಲಿ ಅಚ್ಚುಹಾಕಿದರೆ ಸೂರ್ಯ ಬಹುಮಟ್ಟಿಗೆ ಮಾಯವಾಗುತ್ತಾನೆ, ನೀರಿನ ಮೇಲಿನ ದೋಣಿಗಳು ಮಾತ್ರ ಉಳಿಯುತ್ತವೆ. ಬಣ್ಣದಲ್ಲಿ ಬೇರೆ, ಬೆಳಕಿನಲ್ಲಿ ಒಂದೇ ಆಗಿರುವುದರಿಂದಲೇ ಆ ಸೂರ್ಯ ಕಣ್ಣಿಗೆ ಮಿಡಿದಂತೆ ಕಾಣುವುದೆಂದು ದೃಷ್ಟಿಯನ್ನು ಕುರಿತು ಅಧ್ಯಯನ ಮಾಡಿದವರು ವಿವರಿಸಿದ್ದಾರೆ.

ಮೊನೆಗೆ ಹೊರಬಯಲಲ್ಲಿ ನಿಂತು ಬರೆಯುವುದನ್ನು ಕಲಿಸಿದವನು ಯೂಜೆನ್ ಬೂದ್ಯಾಂ. ಲ ಹಾವ್ರ್‌ನ ಕಡಲಂಚಿನಲ್ಲಿರುವ, ಗಾಜಿನ ಗೋಡೆಯ ಸಂಗ್ರಹಾಲಯದಲ್ಲಿ ಬೂದ್ಯಾಂನ ಆಕಾಶದ ಅಧ್ಯಯನಗಳಿವೆ. ಒಳಗೆ ಚಿತ್ರದ ಮೋಡ, ಗಾಜಿನಾಚೆ ನಿಜದ ಮೋಡ. ಅಂಥ ಹೊರಬಯಲಿನ ಕೆಲಸಕ್ಕೆ ತಕ್ಕ ಹತಾರವೂ ಆಗಷ್ಟೇ ಒದಗಿತ್ತು. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕನ್ ಕಲಾವಿದ ಹಿಂಡಿ ಬಳಸಬಹುದಾದ ಲೋಹದ ಟ್ಯೂಬಿಗೆ ಹಕ್ಕುಪತ್ರ ಪಡೆದಿದ್ದ; ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಚೀಲದಲ್ಲಿ ಕಟ್ಟಿಡಬೇಕಿತ್ತು. ಟ್ಯೂಬು ಬಾರದೆ ಹೋಗಿದ್ದರೆ ಈ ಪಂಥವೂ ಇಷ್ಟು ಸುಲಭವಾಗಿ ಹೊರಬಯಲಿಗೆ ಬರುತ್ತಿರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು.

ಲ ಹಾವ್ರ್‌ನಿಂದ ಉತ್ತರಕ್ಕೆ ಕಡಲಗುಂಟ ಹೋದರೆ ಎತ್ರೆತಾ ಸಿಗುತ್ತದೆ. ಸೀಮೆಸುಣ್ಣದಂಥ ಬಿಳಿಯ ಕಡಿದಾದ ಬಂಡೆಗೋಡೆಗಳನ್ನು ಕಡಲು ಕೊರೆದು ಕೊರೆದು ಕಮಾನುಗಳನ್ನಾಗಿ ಮಾಡಿದೆ. ಸುಣ್ಣದ ಪುಡಿ ಬೆರೆತ ನೀರು ದಡದ ಬಳಿ ಹಾಲು ಹಾಕಿದ ಹಸಿರಾಗಿ ಕಾಣುತ್ತದೆ. ಮರಳಿನ ಬದಲು ಉರುಟು ಕಲ್ಲುಗಳ ದಡವಾದ್ದರಿಂದ ಪ್ರತಿ ಅಲೆ ಹಿಂದೆ ಸರಿಯುವಾಗಲೂ ಸಾವಿರ ಕಲ್ಲುಗಳು ಒಂದಕ್ಕೊಂದು ತಾಕಿ ಉರುಳುವ ಸದ್ದು ಬರುತ್ತದೆ. ಮರವಂತೆಯ ಮರಳದಡದಲ್ಲಿ ಅಲೆಯ ಸದ್ದು ಕೇಳಿ ಬಲ್ಲ ಕಿವಿಗೆ, ಇದು ರಾಗಿಯನ್ನು ಮೊರದಲ್ಲಿ ಹಾಕಿ ಕೇರುವ ಸದ್ದಿನಂತೆ ಕೇಳಿಸಿತು. 1880ರ ದಶಕದಲ್ಲಿ ಮೊನೆ ಇಲ್ಲಿಗೆ ಮತ್ತೆ ಮತ್ತೆ ಬಂದ. ಆಗ ಅವನ ಹಿಂದೆ ಅಲೆದಾಡಿದ ಕತೆಗಾರ ಮೊಪಾಸಾ ಬರೆದಿರುವಂತೆ, ಒಂದೇ ನೋಟದ ಐದಾರು ಕ್ಯಾನ್ವಾಸುಗಳನ್ನು, ಅಂದರೆ ಚೌಕಟ್ಟಿಗೆ ಬಿಗಿದ ಚಿತ್ರದ ಬಟ್ಟೆಗಳನ್ನು, ಮಕ್ಕಳಿಂದ ಹೊರಿಸಿಕೊಂಡು ಅವನು ಹೊರಡುತ್ತಿದ್ದ. ಬಿಸಿಲು ಬದಲಾದಂತೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ.

1885ರ ನವೆಂಬರಿನಲ್ಲಿ ಮಾನ್‌ಪೋರ್ತ್ ಎಂಬ ದೊಡ್ಡ ಕಮಾನಿನ ಬುಡದಲ್ಲಿ ಕೆಲಸದಲ್ಲಿ ಮುಳುಗಿದ್ದ ಅವನು ಉಬ್ಬರದ ಹೊತ್ತನ್ನು ತಪ್ಪಾಗಿ ಲೆಕ್ಕ ಹಾಕಿದ್ದ. ದೊಡ್ಡ ಅಲೆಯೊಂದು ಬಂದು ಅವನನ್ನು ಬಂಡೆಗೆ ಅಪ್ಪಳಿಸಿ ಎಳೆದೊಯ್ದಿತು. ಜೀವ ಉಳಿಯಿತು, ಚಿತ್ರದ ಹಲಗೆ, ಬಣ್ಣ, ಸಲಕರಣೆಗಳೆಲ್ಲ ಕಡಲ ಪಾಲಾದವು. ಅವನೇ ಮನೆಗೆ ಬರೆದ ಪತ್ರದಿಂದ ಈ ಸಂಗತಿ ತಿಳಿಯುತ್ತದೆ. ಈ ಕಲಾವಿದನ ಮುಂದಿನ ಬದುಕನ್ನು ಬಲ್ಲವರಿಗೆ ಅದು ಬರಿಯ ಅಪಘಾತವೆನಿಸುವುದಿಲ್ಲ: ಎಂಟು ವರ್ಷಗಳ ಬಳಿಕ ಅವನು ತನ್ನ ಲೆಕ್ಕಕ್ಕೆ ಸಿಗುವ ನೀರನ್ನು, ಉಬ್ಬರವಿಲ್ಲದ, ಎಳೆದೊಯ್ಯದ ನೀರನ್ನು ಕಟ್ಟಿಕೊಳ್ಳಲು ಹೊರಟ. ಎರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಸಾಧಿಸಲು ಬರುವುದಿಲ್ಲ. ಆದರೂ ಆ ಕಮಾನಿನೆದುರು ನಿಂತವರಿಗೆ ಹಾಗೆ ಅನಿಸದಿರುವುದು ಕಷ್ಟ.

ಎತ್ರೆತಾದಲ್ಲಿ ತಂಗಿದ್ದ ಮನೆಯ ಹಿರಿಯ ಹೆಂಗಸು ರಾತ್ರಿಯೂಟದ ಕೊನೆಗೆ ಮಣ್ಣಿನ ಅಗಲ ಪಾತ್ರೆಯೊಂದನ್ನು ತಂದಿಟ್ಟರು. ಮೇಲೆ ಕಂದುಗಟ್ಟಿದ ದಪ್ಪ ಕೆನೆ. ಚಮಚದಿಂದ ಅದನ್ನು ಒಡೆದರೆ ಒಳಗೆ ಹಾಲಿನಲ್ಲಿ ಬೆಂದು ಕರಗಿದ ಅಕ್ಕಿ, ದಾಲ್ಚಿನ್ನಿಯ ಘಮ. ನಾರ್ಮಂಡಿ ಸೀಮೆಯ ಈ ತಿನಿಸಿಗೆ ತರ್ಗೂಲ್ ಎಂದು ಹೆಸರು. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿಗಳನ್ನು ಮಣ್ಣಿನ ಪಾತ್ರೆಗೆ ಹಾಕಿ ಒಲೆಗೂಡಿನಲ್ಲಿ ಸಣ್ಣ ಕಾವಿನ ಮೇಲೆ ಗಂಟೆಗಟ್ಟಲೆ ಬಿಡುತ್ತಾರೆ, ನಡುವೆ ಒಮ್ಮೆಯೂ ಕೈಯಾಡಿಸುವುದಿಲ್ಲ. ಅಕ್ಕಿಯೂ ಬೆಳೆಯದ, ದಾಲ್ಚಿನ್ನಿಯೂ ಬೆಳೆಯದ ಸೀಮೆಗೆ ಇವೆರಡೂ ಬಂದರುಗಳ ಮೂಲಕ ಬಂದು ಮನೆಯಡುಗೆಯಾಗಿಬಿಟ್ಟಿವೆ. ಕೈಯಾಡಿಸದಿದ್ದರೆ ತಳ ಹಿಡಿಯುವುದಿಲ್ಲವೇ ಎಂದು ಪಾಯಸದ ಅಭ್ಯಾಸದಿಂದ ಕೇಳಿದ ಪ್ರಶ್ನೆಗೆ, ಕಾವು ಸಣ್ಣದಿದ್ದರೆ ಅವಸರವಿಲ್ಲ, ಅವಸರವಿಲ್ಲದಿದ್ದರೆ ತಳವೂ ಹಿಡಿಯುವುದಿಲ್ಲ ಎಂದು ಅವರು ಉತ್ತರಿಸಿದರು. ಬೆಲ್ಲವಿಲ್ಲದ, ಏಲಕ್ಕಿಯಿಲ್ಲದ ಪಾಯಸಕ್ಕೆ ನಾಲಿಗೆ ಒಗ್ಗಲು ಎರಡು ಚಮಚ ಬೇಕಾಯಿತು. ಕೆನೆಯ ಸುಟ್ಟ ಅಂಚಿಗೆ ಮಾತ್ರ ಯಾವ ಒಗ್ಗಿಕೆಯೂ ಬೇಕಾಗಲಿಲ್ಲ.

ಅಲ್ಲಿಂದ ರೈಲು ಸೇನ್ ನದಿಯನ್ನು ಅಲ್ಲಲ್ಲಿ ಮುಟ್ಟುತ್ತ, ಅಲ್ಲಲ್ಲಿ ಬಿಡುತ್ತ ಒಳನಾಡಿಗೆ ಸಾಗುತ್ತದೆ. ನದಿ ಹಾವಿನಂತೆ ಬಳಸಿ ಬಳಸಿ ಹರಿಯುವುದರಿಂದ ಒಮ್ಮೆ ಎಡಕ್ಕೆ ಕಂಡದ್ದು ಇನ್ನೊಮ್ಮೆ ಬಲಕ್ಕೆ ಕಾಣುತ್ತದೆ. ಎರಡೂ ದಡ ತುಂಬಿ, ಬಂಡೆಗಳಿಲ್ಲದೆ, ಮಟ್ಟಸವಾಗಿ ಹರಿಯುವ ಈ ನದಿಯನ್ನು ನೋಡಿದಾಗ ತುಂಗಭದ್ರೆಯ ನೆನಪು ಬರುವುದು ವ್ಯತ್ಯಾಸದಿಂದ. ಹಂಪಿಯ ಬಳಿ ನೀರು ಬಂಡೆಗಳ ನಡುವೆ ದಾರಿ ಹುಡುಕಬೇಕು, ಬೇಸಗೆಯಲ್ಲಿ ತೆಳ್ಳಗಾಗಬೇಕು, ಮಳೆಗಾಲದಲ್ಲಿ ಕೆಂಪಾಗಬೇಕು. ಅದರ ಮೇಲೆ ತೇಲುವ ಹರಿಗೋಲೂ ದುಂಡಗೆ ಸುತ್ತುತ್ತ ಸಾಗುವಂಥದು. ಸೇನ್ ನದಿಗೆ ಅಂಥ ಚಂಚಲತೆ ಕಡಿಮೆ. ಅದರ ಮೇಲೆ ದೋಣಿಯನ್ನು ನಿಲ್ಲಿಸಿ ಕೂತು ಬರೆಯಬಹುದೆಂಬ ಯೋಚನೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆ ಕೂತು ಬರೆದವನು ಮೊನೆ. 1869ರಲ್ಲಿ ಪ್ಯಾರಿಸ್ಸಿನ ಹತ್ತಿರದ ‘ಕಪ್ಪೆಗುಂಡಿ’ ಎಂಬರ್ಥದ ಹೆಸರಿನ ಸ್ನಾನಘಟ್ಟದಲ್ಲಿ ಗೆಳೆಯ ರೆನ್ವಾರ್ ಜೊತೆ ಪಕ್ಕಪಕ್ಕದಲ್ಲಿ ನಿಂತು, ಅಲೆಯನ್ನು ನುಣುಪಾಗಿ ತೀಡುವ ಬದಲು ಅಗಲವಾದ ಅಡ್ಡ ಪಟ್ಟಿಗಳಾಗಿ, ಒಂದರ ಪಕ್ಕ ಒಂದು ಬೇರೆ ಬೇರೆ ಬಣ್ಣದ ತುಂಡುಗಳಾಗಿ ಇಡುವುದನ್ನು ಅವನು ಕಂಡುಕೊಂಡಿದ್ದ. 1870ರ ದಶಕದಲ್ಲಿ ಅರ್ಜಾಂತಯ್ ಎಂಬ ಊರಿನಲ್ಲಿದ್ದಾಗ ದೋಣಿಯೊಂದಕ್ಕೆ ಗೂಡು ಕಟ್ಟಿಸಿ ಅದನ್ನೇ ಚಿತ್ರಶಾಲೆ ಮಾಡಿಕೊಂಡ. 1874ರಲ್ಲಿ ಎದುವಾರ್ ಮಾನೆ ಎಂಬ ಹಿರಿಯ ಕಲಾವಿದ ಅವನನ್ನು ಆ ದೋಣಿಯಲ್ಲೇ ಚಿತ್ರಿಸಿದ. ದಡದಲ್ಲಿ ನಿಂತವನಿಗೆ ನೀರು ಎದುರಿಗಿರುತ್ತದೆ. ದೋಣಿಯಲ್ಲಿ ಕೂತವನಿಗೆ ಸುತ್ತಲೂ ಇರುತ್ತದೆ. ಮುಂದೆ ವೆತೇಯ್ ಊರಿನಲ್ಲಿ 1879ರಲ್ಲಿ ಹೆಂಡತಿ ಕಾಮೀಯ್ ತೀರಿಕೊಂಡ ಬಳಿಕ ಬಂದ ಚಳಿಗಾಲದಲ್ಲಿ ಸೇನ್ ಹೆಪ್ಪುಗಟ್ಟಿತು. 1880ರ ಜನವರಿಯಲ್ಲಿ ಆ ಮಂಜುಗಡ್ಡೆ ಒಡೆದು ಹಲ್ಲೆ ಹಲ್ಲೆಯಾಗಿ ತೇಲಿಹೋದದ್ದನ್ನು ಅವನು ಒಂದರ ಹಿಂದೊಂದು ಚಿತ್ರದಲ್ಲಿ ಹಿಡಿದ. ನೀರಿನ ಮೇಲೆ ಚಪ್ಪಟೆಯಾಗಿ ತೇಲುವ, ದೂರ ಹೋದಂತೆ ಕಿರಿದಾಗುವ ಆ ಬಿಳಿ ಹಲ್ಲೆಗಳನ್ನು ನೋಡಿದವರಿಗೆ, ಮುಂದೆ ಅವನ ಕೊಳದಲ್ಲಿ ತೇಲಲಿರುವ ಎಲೆಗಳು ಅಲ್ಲೇ ಮೊದಲು ಕಾಣಿಸಿದಂತೆ ತೋರುತ್ತದೆ.

ವೆರ್ನೋಂ ಎಂಬ ನಿಲ್ದಾಣದಲ್ಲಿ ಇಳಿದು ನದಿ ದಾಟಿದರೆ ಜಿವೆರ್ನಿ. 1883ರಲ್ಲಿ ಬಾಡಿಗೆಗೆ ಬಂದ ಮೊನೆ 1890ರಲ್ಲಿ ಇಲ್ಲಿನ ಮನೆಯನ್ನು ಕೊಂಡ. ನಸುಗೆಂಪು ಗೋಡೆ, ಹಸಿರು ಕಿಟಕಿ. ಒಳಗೆ ಹಳದಿ ಬಣ್ಣದ ಊಟದ ಕೋಣೆ, ನೀಲಿ ಹೆಂಚುಬಿಲ್ಲೆಗಳ ಅಡುಗೆಮನೆ, ಗೋಡೆಯ ತುಂಬ ಹೊಕುಸಾಯ್, ಹಿರೊಶಿಗೆ ಮುಂತಾದವರ ಜಪಾನೀ ಮರದಚ್ಚಿನ ಚಿತ್ರಗಳು. ಮನೆಯ ಮುಂದಿನ ಹೂದೋಟ ಬಣ್ಣಗಳ ಸಂತೆ. ಅದನ್ನು ಇತರರು ಸಾಕಷ್ಟು ವರ್ಣಿಸಿದ್ದಾರೆ. ತೋಟದಾಚೆ ಹಿಂದೆ ರೈಲುಹಳಿ ಇತ್ತು, ಈಗ ರಸ್ತೆ ಇದೆ. ಅದರಡಿಯ ಸುರಂಗದಲ್ಲಿ ಇಳಿದು ಆಚೆಗೆ ಹತ್ತಿದರೆ ಕೊಳ.

ಮೊದಲ ನೋಟಕ್ಕೆ ಕೊಳ ಚಿಕ್ಕದು. ಬಯಲುಸೀಮೆಯಲ್ಲಿ ಇಷ್ಟು ನೀರಿಗೆ ಕೆರೆ ಎನ್ನುವುದಿಲ್ಲ, ಕಟ್ಟೆ ಎಂದಾರು. ಈ ಕಟ್ಟೆಯೊಂದರಿಂದಲೇ ಸುಮಾರು 250 ಎಣ್ಣೆಬಣ್ಣದ ಚಿತ್ರಗಳು ಹುಟ್ಟಿದವೆಂಬುದನ್ನು ನಂಬಲು ಅದರ ಸುತ್ತ ಒಂದು ಬಾರಿ ನಡೆದರೆ ಸಾಲದು. ಬೆಳಗಿನ ಹತ್ತರ ಹೊತ್ತಿಗೆ ಹೂಗಳು ಇನ್ನೂ ಅರೆಮುಚ್ಚಿದ್ದವು. ಬಿಸಿಲೇರಿದಂತೆ ಬಿಳಿ, ಹಳದಿ, ನಸುಗೆಂಪು ಹೂಗಳು ಒಂದೊಂದಾಗಿ ಬಿರಿದವು. ದಡದ ಜೋಲುಮರಗಳು, ಅಂದರೆ ನೀರಿನತ್ತ ಕೊಂಬೆಗಳನ್ನು ಕೂದಲಿನಂತೆ ಇಳಿಬಿಡುವ ವಿಲ್ಲೋ ಮರಗಳು, ಕೊಳದ ಕನ್ನಡಿಯಲ್ಲಿ ತಲೆಕೆಳಗಾಗಿ ನಿಂತಿದ್ದವು. ಎಲೆಗಳ ಗುಂಪು ಅಡ್ಡಡ್ಡ, ಮರಗಳ ಬಿಂಬ ಉದ್ದುದ್ದ. ಮೊನೆಯ ಕುಂಚದ ಎಳೆತಗಳೂ ಈ ಎರಡೇ ದಿಕ್ಕುಗಳ ನೇಯ್ಗೆ. ಹಾಸು ಹೊಕ್ಕುಗಳಿಂದ ಬಟ್ಟೆಯಾಗುವಂತೆ ಇವೆರಡರಿಂದ ನೀರಾಗುತ್ತದೆ.

ಇಲ್ಲಿನ ಹೂವನ್ನು ಕನ್ನಡದಲ್ಲಿ ಬರೆಯುವವರು ಕೆಲವೊಮ್ಮೆ ತಾವರೆ ಎಂದು ಕರೆಯುವುದುಂಟು, ಅದು ಸರಿಯಲ್ಲ. ತಾವರೆಯ ಎಲೆ ಬೆಳೆದಂತೆ ದಂಟಿನ ಮೇಲೆ ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ, ಹನಿಯನ್ನು ಅಂಟಿಸಿಕೊಳ್ಳದೆ ಉರುಳಿಸುತ್ತದೆ. ಇಲ್ಲಿರುವುದು ಎಲೆಯನ್ನು ನೀರಿನ ಮೇಲೆ ತಟ್ಟೆಯಂತೆ ಹಾಸುವ, ಎಲೆಯ ಒಂದು ಕಡೆ ಸೀಳು ಇರುವ ನೈದಿಲೆ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಬೇರೆ ಬೇರೆ ಕುಟುಂಬಗಳವು. ಅಷ್ಟೇ ಏಕೆ, ತಾವರೆಗೆ ನೈದಿಲೆಗಿಂತ ಹತ್ತಿರದ ಬಂಧುವೆಂದರೆ ಪ್ಯಾರಿಸ್ಸಿನ ಬೀದಿಬದಿಯಲ್ಲಿ ಸಾಲುಗಟ್ಟಿ ನಿಂತಿರುವ ಪ್ಲೇನ್ ಮರ. ನಮ್ಮ ಹಳೆಯ ಕವಿಗಳು ತಾವರೆಯನ್ನು ಸೂರ್ಯನಿಗೂ ನೈದಿಲೆಯನ್ನು ಚಂದ್ರನಿಗೂ ಕೊಟ್ಟು ಹಂಚಿಕೆ ಮಾಡಿಟ್ಟಿದ್ದಾರೆ. ಆ ಹಂಚಿಕೆಯಲ್ಲಿ ಬೆಳೆದ ಮನಸ್ಸಿಗೆ, ಬಿಸಿಲಿಗೆ ಅರಳಿ ಸಂಜೆಗೆ ಮುಚ್ಚುವ ಜಿವೆರ್ನಿಯ ನೈದಿಲೆ ಕಾವ್ಯನಿಯಮವನ್ನು ಮುರಿದಂತೆ ಕಂಡರೆ ತಪ್ಪಿಲ್ಲ. ಎಲೆ ನೀರಿನ ಮೇಲೆ ಮಲಗುವುದೇ ಮೊನೆಗೆ ಬೇಕಾಗಿದ್ದ ಗುಣವೂ ಹೌದು: ತಾವರೆಯ ಕೊಳದಲ್ಲಿ ಎದ್ದುನಿಂತ ಎಲೆಗಳ ನಡುವೆ ನೀರು ಮುಚ್ಚಿಹೋಗುತ್ತದೆ, ನೈದಿಲೆ ನೀರನ್ನು ಬಿಟ್ಟುಕೊಡುತ್ತದೆ.

ಈ ಬಣ್ಣದ ನೈದಿಲೆಗಳೂ ಪ್ರಕೃತಿ ತಾನಾಗಿ ಕೊಟ್ಟವಲ್ಲ. ಯುರೋಪಿನ ಚಳಿಯನ್ನು ತಡೆಯುವ ನೈದಿಲೆ ಬಿಳಿಯದು. ಲಾತೂರ್-ಮಾರ್ಲಿಯಾಕ್ ಎಂಬ ಸಸಿತೋಟದವನು ಅದನ್ನು ಬೇರೆ ನಾಡುಗಳ ಬಣ್ಣದ ಬಗೆಗಳೊಂದಿಗೆ ಬೆರಕೆ ಮಾಡಿ ಹಳದಿ, ಕೆಂಪು ಹೂ ಬಿಡುವ ಗಟ್ಟಿ ತಳಿಗಳನ್ನು ಪಡೆದು, 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇಟ್ಟಿದ್ದ. ಮೊನೆ ಕೊಳಕ್ಕೆ ಗಿಡ ತರಿಸಿದ್ದು ಇವನಿಂದಲೇ.

1893ರಲ್ಲಿ ರೈಲುಹಳಿಯ ಆಚೆಗಿನ ಗದ್ದೆಯನ್ನು ಕೊಂಡು, ಎಪ್ತ್ ನದಿಯ ಕವಲಿನಿಂದ ನೀರು ತಿರುಗಿಸಲು ಅವನು ಜಿಲ್ಲೆಯ ಅಧಿಕಾರಿಗೆ ಅರ್ಜಿ ಹಾಕಿದಾಗ ಊರಿನವರು ತಕರಾರು ತೆಗೆದರು. ಆ ಕವಲಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ದನಗಳು ನೀರು ಕುಡಿಯುತ್ತಿದ್ದವು. ಎಲ್ಲಿಂದಲೋ ಬಂದ ಗಿಡಗಳು ನೀರನ್ನು ಕೆಡಿಸಿದರೆ ಗತಿಯೇನು ಎಂಬುದು ಅವರ ಅಂಜಿಕೆ. ಕಲಾವಿದ ಸಿಡಿಮಿಡಿಗೊಂಡ, ಮತ್ತೆ ಪತ್ರ ಬರೆದ, ಆ ಜುಲೈ ತಿಂಗಳಲ್ಲಿ ಅನುಮತಿ ಸಿಕ್ಕಿತು. ಮೊನೆಯ ಜೀವನಚರಿತ್ರೆಗಳಲ್ಲಿ ಈ ಪ್ರಸಂಗ ಸಾಮಾನ್ಯವಾಗಿ ನಗೆಚಾಟಿಕೆಯಾಗಿ, ಹಳ್ಳಿಗರ ಅಜ್ಞಾನದ ಉದಾಹರಣೆಯಾಗಿ ಬರುತ್ತದೆ. ಕರ್ನಾಟಕದ ಕೆರೆಗಳನ್ನು ಬಲ್ಲವರು ಹಾಗೆ ನಗಲಾರರು. ಅಂತರಗಂಗೆ ಎಂದು ಜನ ಕರೆಯುವ, ನೇರಳೆ ಹೂವಿನ ತೇಲುಗಳೆ ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ಈ ದೇಶಕ್ಕೆ ಬಂದು ಎಷ್ಟೋ ಕೆರೆಗಳ ಉಸಿರು ಕಟ್ಟಿಸಿದೆ. ಜಿವೆರ್ನಿಯಲ್ಲಿ ಹಾಗಾಗಲಿಲ್ಲವೆಂಬುದು ನಿಜ. ಆದರೆ ಆ ಒಗೆಯುವ ಹೆಂಗಸರು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ.

ಕೊಳದಂಚಿನಲ್ಲಿ ಚಪ್ಪಟೆ ದೋಣಿಯೊಂದರಲ್ಲಿ ನಿಂತು ಒಬ್ಬ ತೋಟದವನು ಉದ್ದ ಕೋಲಿನಿಂದ ಬಾಡಿದ ಎಲೆಗಳನ್ನು ತೆಗೆಯುತ್ತಿದ್ದ. ದಡಕ್ಕೆ ಬಂದಾಗ ಮಾತಿಗೆ ಸಿಕ್ಕ ಅವನು, ಪ್ರವಾಸಿಗರು ಬರುವ ಮೊದಲೇ ಇದು ಮುಗಿಯಬೇಕಾಗಿತ್ತೆಂದೂ ಇವತ್ತು ತಡವಾಯಿತೆಂದೂ ಸಂಕೋಚದಿಂದ ಹೇಳಿದ. ಮೊನೆಯ ಕಾಲದಲ್ಲೂ ಆರು ಮಂದಿ ತೋಟದವರಲ್ಲಿ ಒಬ್ಬನಿಗೆ ಕೊಳದ್ದೇ ಕೆಲಸ. ಎಲೆಗಳ ಮೇಲಿನ ಧೂಳನ್ನು ತೊಳೆಯುವುದು, ಗುಂಪು ಹರಡದಂತೆ ಕತ್ತರಿಸಿ ದುಂಡಗಿಡುವುದು ಅವನ ಪಾಲು. ಪಕ್ಕದ ರಸ್ತೆಯಲ್ಲಿ ಮೋಟಾರುಗಳು ಎಬ್ಬಿಸುವ ಧೂಳು ಹೂಗಳ ಮೇಲೆ ಕೂರುತ್ತದೆಂದು ಮೊನೆ ತನ್ನ ಖರ್ಚಿನಲ್ಲಿ ಆ ರಸ್ತೆಗೆ ಟಾರು ಹಾಕಿಸಿದ. ಅಂದರೆ ಚಿತ್ರದ ಮೊದಲ ಕುಂಚದೆಳೆತ ಬಟ್ಟೆಯ ಮೇಲೆ ಬೀಳುವುದಕ್ಕೆ ಮೊದಲೇ ಅದರ ಅರ್ಧ ಕೆಲಸ ನೀರಿನ ಮೇಲೆ ನಡೆದಿರುತ್ತಿತ್ತು. ಕೊಳದ ಎರಡು ತುದಿಗಳಲ್ಲಿ ನೀರು ಒಳಬರಲು, ಹೊರಹೋಗಲು ಬಾಗಿಲುಗಳಿದ್ದವು. ಹರಿವು ಹೆಚ್ಚಿದರೆ ನೀರು ತಣ್ಣಗಾಗಿ ನೈದಿಲೆ ಸೊರಗುತ್ತದೆ, ನಿಂತೇ ಹೋದರೆ ಕೊಳೆಯುತ್ತದೆ.

ಈ ವಿವರವನ್ನು ಕೇಳಿದಾಗ ಕೊಳದ ಸ್ವರೂಪವೇ ಬದಲಾಗಿ ಕಂಡಿತು. ಹಳ್ಳಕ್ಕೆ ಅಡ್ಡವಾಗಿ ಏರಿ ಕಟ್ಟಿ, ಮಳೆಯ ನೀರನ್ನು ನಿಲ್ಲಿಸಿ, ತೂಬಿನಿಂದ ಬೇಕಾದಷ್ಟೇ ಬಿಟ್ಟು, ಹೆಚ್ಚಾದದ್ದನ್ನು ಕೋಡಿಯಿಂದ ಹರಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ಹಂಚುವ ವ್ಯವಸ್ಥೆಗೆ ನಮ್ಮಲ್ಲಿ ಕೆರೆ ಎಂದು ಹೆಸರು. ಆ ಹಂಚಿಕೆಯನ್ನು ನೋಡಿಕೊಳ್ಳುವವನು ನೀರುಗಂಟಿ. ಆ ಲೆಕ್ಕದಲ್ಲಿ ಮೊನೆ ಕಟ್ಟಿದ್ದೂ ಕೆರೆಯನ್ನೇ, ದೋಣಿಯ ತೋಟದವನು ಅದರ ನೀರುಗಂಟಿ. ಅಚ್ಚುಕಟ್ಟಿನಲ್ಲಿ ಭತ್ತದ ಬದಲು ಚಿತ್ರ ಬೆಳೆಯಿತು. ಮರಗಳ ಮೇಲೂ ಮೊನೆಯ ಕಣ್ಣು ಇಂಥದೇ. 1891ರಲ್ಲಿ ಎಪ್ತ್ ದಡದ ಪಾಪ್ಲರ್ ಮರಗಳ ಸಾಲನ್ನು ಬರೆಯುತ್ತಿದ್ದಾಗ, ಮರಗಳು ಹರಾಜಾಗಿ ಕಡಿತಕ್ಕೆ ಗೊತ್ತಾದವು. ಚಿತ್ರಗಳು ಮುಗಿಯುವವರೆಗೆ ಕಡಿಯಬಾರದೆಂದು ಅವನು ಮರದ ವ್ಯಾಪಾರಿಗೆ ಹಣ ಕೊಟ್ಟ. ಮುಗಿದ ಮೇಲೆ ಮರಗಳು ಉರುಳಿದವು. ಬೇಕಾದದ್ದು ಮರವಲ್ಲ, ನೀರಿನಲ್ಲಿ ಬಿದ್ದ ಅದರ ಗೆರೆ. ಇದನ್ನು ಕ್ರೌರ್ಯವೆನ್ನಬೇಕೋ ಏಕಾಗ್ರತೆಯೆನ್ನಬೇಕೋ ಎಂಬುದನ್ನು ಓದುಗರ ತೀರ್ಮಾನಕ್ಕೆ ಬಿಡಬಹುದು.

ಕೊಳದ ಮೊದಲ ಚಿತ್ರಗಳಲ್ಲಿ ದಡವಿತ್ತು, ಜಪಾನೀ ಮಾದರಿಯ ಕಮಾನುಸೇತುವೆ ಇತ್ತು. ವರ್ಷ ಕಳೆದಂತೆ ಸೇತುವೆ ಹೋಯಿತು, ದಡ ಹೋಯಿತು, ಕೊನೆಗೆ ದಿಗಂತವೂ, ಅಂದರೆ ನೆಲ ಮುಗಿಲು ಕೂಡುವ ಗೆರೆಯೂ, ಹೋಯಿತು. ಚೌಕಟ್ಟಿನ ತುಂಬ ನೀರು ಮಾತ್ರ. ಆಕಾಶ ಇರುವುದಾದರೆ ಅದು ಮೇಲಲ್ಲ, ಕೆಳಗೆ, ಬಿಂಬವಾಗಿ. ಹತ್ತಿರದ ಎಲೆಗುಂಪು ದೊಡ್ಡದು, ದೂರದ್ದು ಚಿಕ್ಕದು ಎಂಬ ಒಂದೇ ಸುಳಿವಿನಿಂದ ಅದು ಮಲಗಿರುವ ಮೇಲ್ಮೈ ಎಂದು ತಿಳಿಯಬೇಕು. ಇಂಥ 48 ಚಿತ್ರಗಳನ್ನು 1909ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದಾಗ ಅವನು ಅವಕ್ಕೆ ‘ನೀರಿನ ಭೂದೃಶ್ಯಗಳು’ ಎಂಬರ್ಥದ ಹೆಸರು ಕೊಟ್ಟ. ಭೂಮಿಯೇ ಇಲ್ಲದ ಭೂದೃಶ್ಯ.

ಪ್ರಯಾಣದ ಕೊನೆಯ ತಾಣ ಪ್ಯಾರಿಸ್ಸಿನ ಒರಾಂಜರಿ. ತ್ವಿಲರಿ ಉದ್ಯಾನದ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡಲು 1852ರಲ್ಲಿ ಕಟ್ಟಿದ, ಸೇನ್ ನದಿಯ ಮಗ್ಗುಲಲ್ಲೇ ಇರುವ ಕಟ್ಟಡವಿದು. ಮೊದಲ ಮಹಾಯುದ್ಧ ನಿಂತ ಮರುದಿನ, 1918ರ ನವೆಂಬರ್ 12ರಂದು, ಮೊನೆ ತನ್ನ ಗೆಳೆಯ, ಆಗಿನ ಪ್ರಧಾನಿ ಕ್ಲೆಮಾನ್ಸೊಗೆ ಎರಡು ದೊಡ್ಡ ಚಿತ್ರಗಳನ್ನು ದೇಶಕ್ಕೆ ಕೊಡುವುದಾಗಿ ಪತ್ರ ಬರೆದ. ಕೊಡುಗೆ ಬೆಳೆಯುತ್ತ ಬೆಳೆಯುತ್ತ ಎರಡು ಅಂಡಾಕಾರದ ಕೋಣೆಗಳನ್ನು ತುಂಬುವಷ್ಟಾಯಿತು. ಈ ನಡುವೆ ಕಣ್ಣಿಗೆ ಪೊರೆ ಬಂದಿತ್ತು. 1912ರಲ್ಲಿ ಪತ್ತೆಯಾದ ಪೊರೆ ಬೆಳೆದಂತೆ ನೀಲಿ ಕಾಣದಾಯಿತು, ಎಲ್ಲವೂ ಕಂದುಹಳದಿಯಾಯಿತು. 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲಕಾಲ ನೀಲಿಯೇ ಹೆಚ್ಚಾಗಿ ಕಂಡಿತು. ನೀರನ್ನು ಲೆಕ್ಕಕ್ಕೆ ತಂದುಕೊಂಡವನ ಕೈಗೆ ಕಣ್ಣೇ ಲೆಕ್ಕ ತಪ್ಪಿತು. ಚಿತ್ರಗಳನ್ನು ಕೈಯಿಂದ ಬಿಡಲಾರದೆ ತಿದ್ದುತ್ತಲೇ ಇದ್ದ ಅವನು 1926ರ ಡಿಸೆಂಬರ್ 5ರಂದು ತೀರಿಕೊಂಡ. ಕೋಣೆಗಳು ಜನರಿಗೆ ತೆರೆದದ್ದು 1927ರ ಮೇ ತಿಂಗಳಲ್ಲಿ.

ಗೋಡೆಗೇ ಅಂಟಿಸಿದ, ಎರಡು ಮೀಟರು ಎತ್ತರದ ಎಂಟು ಚಿತ್ರಗಳು, ಒಟ್ಟು 90 ಮೀಟರಿಗೂ ಮಿಕ್ಕ ಉದ್ದ. ಗೋಡೆ ಬಾಗಿರುವುದರಿಂದ ಮೂಲೆ ಎಂಬುದಿಲ್ಲ. ಬೆಳಕು ಮೇಲಿನ ಬಿಳಿಯ ತೆರೆಯಿಂದ ಸೋಸಿ ಬರುತ್ತದೆ. 1960ರ ದಶಕದಲ್ಲಿ ಈ ಕೋಣೆಗಳ ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಹಗಲಿನ ಬೆಳಕನ್ನೇ ಮುಚ್ಚಿದ್ದರು. 2006ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಅದನ್ನು ತೆಗೆದರು. ಹೊರಗೆ ಮೋಡ ಸರಿದಾಗ ಕೋಣೆಯೊಳಗಿನ ನೀರೂ ಸಣ್ಣಗೆ ಕಂದುವುದನ್ನು, ಮತ್ತೆ ತಿಳಿಯಾಗುವುದನ್ನು ನಡುವಿನ ಬೆಂಚಿನ ಮೇಲೆ ಕೂತು ಕಾಣಬಹುದು. ಹತ್ತಿರ ಹೋದರೆ ಅದು ಒರಟು ಬಣ್ಣದ ಹೊಲ: ಕೆಳಗಿನ ಒಣಗಿದ ಪದರದ ಮೇಲೆ ಎಳೆದ ಕುಂಚ, ಅಲ್ಲಲ್ಲಿ ಮುಗಿಸದೆ ಬಿಟ್ಟ ಅಂಚು. ಹಿಂದೆ ಸರಿದರೆ ನೀರು. ಕಾವಲಿಗಿದ್ದ ಮಹಿಳೆಯನ್ನು, ದಿನವೂ ಇಲ್ಲಿ ಕೂರುವವರಿಗೆ ಇದರಲ್ಲಿ ಏನು ಕಾಣುತ್ತದೆ ಎಂದು ದುಭಾಷಿಯ ಮೂಲಕ ಕೇಳಿದಾಗ, ಅವರು ಚಿತ್ರವನ್ನು ನೋಡದೆ ಚಾವಣಿಯನ್ನು ತೋರಿಸಿ, ಮಳೆ ಬರುವುದು ಗೊತ್ತಾಗುತ್ತದೆ ಎಂದರು.

ಊರಿಗೆ ಮರಳಿದ್ದು ನವರಾತ್ರಿಯ ಹೊತ್ತಿಗೆ. ಆ ವರ್ಷ ಕೆರೆಯ ಮುಕ್ಕಾಲು ಪಾಲು ನೀರಿತ್ತು. ಸಂಜೆ ಏರಿಯ ಮೇಲೆ ನಿಂತರೆ ಆಚೆಯ ದಡದ ತೆಂಗುಗಳು ಉದ್ದುದ್ದ ಬಿದ್ದಿದ್ದವು, ಗಾಳಿಯ ಗೆರೆಗಳು ಅಡ್ಡಡ್ಡ ಹಾಯುತ್ತಿದ್ದವು. ಜಿವೆರ್ನಿಗೆ ಹೋಗದಿದ್ದರೆ ಇವು ಕಣ್ಣಿಗೆ ಬೀಳುತ್ತಿದ್ದವೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಲ್ಲ ಎಂದೇ. ಕೆರೆಯ ನೀರುಗಂಟಿ ಮಾತ್ರ ಆ ಹೊತ್ತಿಗೂ ನೀರನ್ನು ಬೇರೆಯಾಗಿ ನೋಡುತ್ತಿದ್ದ. ತೂಬಿನ ಕಲ್ಲುಕಂಬದ ಮೇಲೆ ನೀರು ಎಲ್ಲಿಗೆ ಮುಟ್ಟಿದೆ ಎಂಬುದರಿಂದ, ಬಿಸಿಲು ಹೀಗೇ ಇದ್ದರೆ ಅಚ್ಚುಕಟ್ಟಿಗೆ ಎಷ್ಟು ದಿನ ಬಂದೀತು ಎಂಬುದನ್ನು ಅವನು ಬೆರಳಲ್ಲಿ ಎಣಿಸಿ ಹೇಳಬಲ್ಲ.

ಮೊಬೈಲಿನಲ್ಲಿದ್ದ ಜಿವೆರ್ನಿಯ ಕೊಳದ ಚಿತ್ರಗಳನ್ನು ಅವನಿಗೆ ತೋರಿಸಲಾಯಿತು. ಹೂವನ್ನು ನೋಡಿ ಅವನು ತಲೆದೂಗಿದ. ಸೇತುವೆಯ ಹಸಿರು ಬಣ್ಣ ಹಿಡಿಸಲಿಲ್ಲ. ಹಿಂದಕ್ಕೂ ಮುಂದಕ್ಕೂ ಬೆರಳಾಡಿಸಿ ಎಲ್ಲವನ್ನೂ ಎರಡು ಬಾರಿ ನೋಡಿದ ಮೇಲೆ ಕೇಳಿದ: “ಎಲ್ಲಾ ಚೆಂದಾಗೈತೆ ಸ್ವಾಮಿ, ತೂಬೆಲ್ಲೈತೆ?” ಎರಡು ತುದಿಗಳ ಆ ಬಾಗಿಲುಗಳ ವಿಷಯ ಕೇಳಿ ತಿಳಿದಿದ್ದರೂ ಅವುಗಳ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ಒರಾಂಜರಿಯ ತೊಂಬತ್ತು ಮೀಟರು ನೀರಿನಲ್ಲೂ ಅದು ಎಲ್ಲಿಯೂ ಇಲ್ಲ.